ಅವಳ ಕಾರಿನ ಕ್ಲಚ್ ಕೇಬಲ್

ನನ್ನ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಜೆ.ಪಿ. ನಗರದ ನಮ್ಮ ಬಾಡಿಗೆ ಮನೆಯ ಓನರ್ ಮಹಡಿಯಿಂದ ಇಳಿದು ಬಂದು, ಅಂಗಳದಲ್ಲಿ ನಿಂತಿದ್ದ ಅವಳ ಕಾರನ್ನು ಸ್ವಲ್ಪ ದಿನದ ಮಟ್ಟಿಗೆ ಬೀದಿಯಲ್ಲಿ ನಿಲ್ಲಿಸಬಹುದೇ ಎಂದು ಕೇಳಿದರು. ಅವರ ಮಗಳ ಮದುವೆ ಗೊತ್ತಾಗಿತ್ತು. ಮನೆ ಮುಂದೆ ಚಪ್ಪರ ಹಾಕಬೇಕಿತ್ತು. ಸಾವಾದ ಮನೆಯವನನ್ನು ಮದುವೆ ಚಪ್ಪರಕ್ಕಾಗಿ ಜಾಗ ಬಿಡು ಎಂದು ಕೇಳುವುದು ಅವರಿಗೆ ಕಷ್ಟವಾಗಿತ್ತು. ಮಾತನಾಡುವಷ್ಟು ಹೊತ್ತೂ ಗೇಟಿನ ಚಿಲಕವನ್ನು ಹಾಕುತ್ತ ತೆಗೆಯುತ್ತ ನಿಂತಿದ್ದರು. ನನಗೇನೂ ಕಷ್ಟವಾಗಲಿಲ್ಲ. ಆಗಲಿ ಎಂದು ಒಳಗೆ ಹೋಗಿ ಕೀಲಿ ತಂದೆ.

ಅದು ಎರಡೇ ಸೀಟಿನ ಕೆಂಪು ಕಾರು. ಮೇಲ್ಛಾವಣಿ ಬಟ್ಟೆಯದು, ಮೈ ಫೈಬರಿನದು. ನಮ್ಮ ದೇಶದಲ್ಲೇ ಯಾರೋ ಆಸೆಪಟ್ಟು ಕೆಲವು ವರ್ಷ ತಯಾರಿಸಿ, ಆಮೇಲೆ ಕಾರ್ಖಾನೆ ಮುಚ್ಚಿಕೊಂಡು ಹೋಗಿದ್ದರು. ನನ್ನ ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಳು. ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಜಯನಗರದ ಯಾವುದೋ ಮನೆಯ ಮುಂದೆ 'ಮಾರಾಟಕ್ಕಿದೆ' ಎಂಬ ಹಲಗೆಯ ಜೊತೆ ಈ ಕಾರು ನಿಂತಿದ್ದನ್ನು ನೋಡಿ, ಅದೇ ವಾರ ಕೊಂಡುಕೊಂಡಳು. ಯಾಕೆ ಎಂದು ಕೇಳಿದ್ದೆ. "ಚೆನ್ನಾಗಿದೆ" ಎಂದಿದ್ದಳು. ನಾನು ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದವನು. ಅದರಲ್ಲಿ ಕೂತು ಹೋಗುವಾಗ ಸಿಗ್ನಲ್ಲಿನಲ್ಲಿ ಯಾರಾದರೂ ಹುಡುಗರು ನೋಡಿ ನಕ್ಕರೆ ನನಗೆ ಮೈಯೆಲ್ಲ ಮುದುಡಿದಂತಾಗುತ್ತಿತ್ತು. ಅವಳು ಕೈಬೀಸುತ್ತಿದ್ದಳು. ನಮಗೆ ಮಕ್ಕಳಿರಲಿಲ್ಲ. ಎರಡು ಸೀಟು ಸಾಕಾಗಿತ್ತು.

ಕಾಯಿಲೆ ಬಂದು ಅವಳು ಓಡಿಸುವುದನ್ನು ಬಿಟ್ಟ ಮೇಲೂ ಪ್ರತಿ ಭಾನುವಾರ ಬೆಳಿಗ್ಗೆ ನಾನು ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ ಬಿಡಬೇಕಿತ್ತು. ಅವಳು ಗಾಲಿಕುರ್ಚಿಯಲ್ಲಿ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಸಾಕು ಎನ್ನಿಸಿದಾಗ ಒಂದು ಬೆರಳೆತ್ತುತ್ತಿದ್ದಳು. ಆಮೇಲೆ ಬೆರಳೂ ಏಳದಾಗ ಕಣ್ಣು ಮುಚ್ಚುತ್ತಿದ್ದಳು. ಅವಳು ಹೋದ ಮೇಲೆಯೂ ನಾನದನ್ನು ನಿಲ್ಲಿಸಿರಲಿಲ್ಲ. ಭಾನುವಾರ ಬಂತು ಅಂದರೆ ಮಾಡುವ ಕೆಲಸ, ಮಾಡುತ್ತಿದ್ದೆ. ಹಾಗಾಗಿ ಎಂಜಿನ್ ಸಲೀಸಾಗಿ ಚಾಲೂ ಆಯಿತು. ರಿವರ್ಸ್ ಹಾಕೋಣವೆಂದು ಕ್ಲಚ್ ತುಳಿದೆ. ಅಷ್ಟು ಕಾಲ ಯಾರೂ ತುಳಿದಿರಲಿಲ್ಲ. ಕಾಲ ಕೆಳಗೆ ಎಲ್ಲೋ 'ಟಕ್' ಎಂದಿತು. ಪೆಡಲ್ಲು ನೆಲಕ್ಕೆ ಬಿತ್ತು, ಮೇಲೆ ಬರಲಿಲ್ಲ.

ಓನರ್ರು, ಅವರ ಭಾಮೈದ, ಚಪ್ಪರದವರು ಇಬ್ಬರು ಸೇರಿ ಕಾರನ್ನು ಹಿಂದಕ್ಕೆ ತಳ್ಳಿ ಬೀದಿಯ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಎಲ್ಲ ಮುಗಿದ ಮೇಲೆ ಓನರ್ರು ಕಿಟಕಿಯ ಹತ್ತಿರ ಬಗ್ಗಿ, ಮೆಲ್ಲಗೆ, "ಯಾರಿಗಾದ್ರೂ ಕೊಟ್ಬಿಡಿ ಸಾರ್. ಎಷ್ಟು ದಿನ ಅಂತ ನೋಡ್ತಾ ಕೂತ್ಕೊತೀರಾ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು, ಇಲ್ಲ, ರಿಪೇರಿ ಮಾಡಿಸುತ್ತೇನೆ ಎಂದೆ. ಏನಾದರೂ ಹೇಳಬೇಕಿತ್ತು, ಹೇಳಿದೆ. ಮಾರನೆಯ ದಿನ ಅವರು ಮೆಟ್ಟಿಲಿನ ಹತ್ತಿರ ಸಿಕ್ಕು, ರಿಪೇರಿ ಏನಾಯ್ತು ಎಂದು ಕೇಳಿದರು. ಅದಕ್ಕೇ ಹೊರಟೆ. ಬೇರೆ ಕಾರಣವಿತ್ತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಅವಳ ಮೆಕ್ಯಾನಿಕ್ ಇದ್ದದ್ದು ಬಿ.ಟಿ.ಎಂ. ಲೇಔಟಿನ ಒಂದು ಒಳರಸ್ತೆಯಲ್ಲಿ. ಅರವತ್ತು ದಾಟಿದ ಮನುಷ್ಯ. ಗ್ಯಾರೇಜು ಎಂದರೆ ಒಂದು ಶೀಟಿನ ಮಾಡು, ಅದರ ಮುಂದಿನ ರಸ್ತೆ. ನಾನು ಅಲ್ಲಿಗೆ ಹೋಗಿದ್ದು ಎರಡೋ ಮೂರೋ ಸಲ, ಅವಳ ಪಕ್ಕದ ಸೀಟಿನಲ್ಲಿ ಕೂತು. ನನ್ನನ್ನು ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೆಂಪು ಕಾರು ಎಂದ ಕೂಡಲೇ ಮುಖ ಅರಳಿತು. ಮೂರು ವರ್ಷವಾಯಿತು, ಮೇಡಂ ಈ ಕಡೆ ಬಂದೇ ಇಲ್ಲ, ಕಾರು ಮಾರಿಬಿಟ್ಟರೇನೋ ಅಂದುಕೊಂಡಿದ್ದೆ ಎಂದರು. ಸಂಜೆ ತಮ್ಮ ಸ್ಕೂಟರಿನಲ್ಲೇ ನಮ್ಮ ಬೀದಿಗೆ ಬಂದು, ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಮಲಗಿದರು. ಹೊಂಗೆ ಹೂವು ಬಟ್ಟೆಯ ಛಾವಣಿಯ ಮೇಲೆ, ಅವರ ಕಾಲಿನ ಮೇಲೆ ಉದುರುತ್ತಿತ್ತು.

"ಮೇಡಂ ಇಲ್ವಾ ಸಾರ್?" ಕೆಳಗಿನಿಂದಲೇ ಕೇಳಿದರು.

"ಊರಲ್ಲಿಲ್ಲ" ಎಂದೆ.

ನಾಲ್ಕು ತಿಂಗಳಲ್ಲಿ ನಾನು ಎಷ್ಟೋ ಜನಕ್ಕೆ ಆ ಸುದ್ದಿ ಹೇಳಿದ್ದೆ. ಹೇಳಿದ ತಕ್ಷಣ ಎದುರಿನ ಮುಖ ಬದಲಾಗುತ್ತದೆ. ಆ ಮುಖವನ್ನು ಆಮೇಲೆ ನಾನೇ ಸಮಾಧಾನ ಮಾಡಬೇಕು. ಇಲ್ಲ, ಹೆಚ್ಚು ನರಳಲಿಲ್ಲ, ನಿದ್ದೆಯಲ್ಲೇ ಹೋದಳು, ನಾನು ಊಟ ಸರಿಯಾಗಿ ಮಾಡುತ್ತಿದ್ದೇನೆ ಎಂದೆಲ್ಲ ಹೇಳಬೇಕು. ನನಗೆ ಸಾಕಾಗಿತ್ತು. ಕಾರಿನ ಕೆಳಗಿದ್ದ ಮನುಷ್ಯನ ಮುಖ ನನಗೆ ಕಾಣುತ್ತಿರಲಿಲ್ಲ, ಬರೀ ಪಾದ ಕಾಣುತ್ತಿತ್ತು. ಆದರೂ ಹೇಳಲಿಲ್ಲ. ಎಲ್ಲಿ ಹೋಗಿದ್ದಾರೆ ಎಂದು ಕೇಳಿದ್ದಕ್ಕೆ ಮೈಸೂರಿಗೆ, ಅಕ್ಕನ ಮನೆಗೆ ಎಂದೆ. ಅವಳಿಗೆ ಅಕ್ಕ ಇಲ್ಲ.

ಅವರು ಎದ್ದು ಬಂದು ಕಳಚಿದ ಕೇಬಲ್ಲನ್ನು ನನ್ನ ಕೈಗೆ ಕೊಟ್ಟರು. ಕಪ್ಪು ಕೊಳವೆಯೊಳಗೆ ಉಕ್ಕಿನ ಹುರಿ. ಪೆಡಲಿನ ಕಡೆಯ ತುದಿಯಲ್ಲಿ ಎಳೆಗಳು ತುಕ್ಕು ಹಿಡಿದು ಒಂದೊಂದಾಗಿ ಹರಿದು, ಹಳೆಯ ಪೊರಕೆಯ ಹಾಗೆ ಕೆದರಿಕೊಂಡಿದ್ದವು. ಇದು ಅಂಗಡಿಯಲ್ಲಿ ಸಿಗುವುದಲ್ಲ, ಮೇಡಮ್ಮೇ ಎಲ್ಲೋ ಮಾಡಿಸಿಕೊಂಡು ತಂದು ಕೊಡುತ್ತಿದ್ದರು, ನಾನು ಕೂಡಿಸುತ್ತಿದ್ದೆ ಅಷ್ಟೆ ಎಂದರು ಮೆಕ್ಯಾನಿಕ್. "ಒಂದು ಫೋನ್ ಹಾಕಿ ಕೇಳ್ಬಿಡಿ ಸಾರ್. ಅವರಿಗೆ ಗೊತ್ತು."

ಕೇಳುತ್ತೇನೆ ಎಂದೆ.

ಕೇಳಲು ಆಗದ್ದರಿಂದ ಮಾರನೆಯ ದಿನ ಕೇಬಲ್ಲನ್ನು ಸುತ್ತಿ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಜೆ.ಸಿ. ರಸ್ತೆಗೆ ಹೋದೆ. ಬಿಡಿಭಾಗಗಳ ಅಂಗಡಿಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೇಳುತ್ತ ನಡೆದೆ. ಕಾರಿನ ಹೆಸರು ಹೇಳಿದರೆ ಚಿಕ್ಕ ವಯಸ್ಸಿನವರು ಕೇಳೇ ಇಲ್ಲ ಎನ್ನುತ್ತಿದ್ದರು. ದೊಡ್ಡವರು, ಅದು ಇನ್ನೂ ಓಡುತ್ತಿದೆಯಾ ಎಂದು ನನ್ನನ್ನೇ ಕೇಳುತ್ತಿದ್ದರು. ಒಬ್ಬರು ಪಕ್ಕದ ಅಂಗಡಿಯವರನ್ನು ಕರೆದು, ನೋಡಿ, ಇವರ ಹತ್ತಿರ ಆ ಕಾರಿದೆಯಂತೆ ಎಂದು ನನ್ನನ್ನು ತೋರಿಸಿದರು. ಆ ಅಂಗಡಿಯವರು ತಮ್ಮ ಮೊಬೈಲಿನಲ್ಲಿ ಕಾರಿನ ಫೋಟೋ ಹುಡುಕಿ ನನಗೇ ತೋರಿಸಿದರು, ಇದೇ ತಾನೇ ಎಂದು. ಇದೇ ಎಂದೆ. ಕೊನೆಗೆ ಒಂದು ಕಡೆ, ಹಳೆಯ ಒಂದು ಸಣ್ಣ ಕಾರಿನ ಕೇಬಲ್ಲು ಇದಕ್ಕೂ ಆಗುತ್ತದೆ ಎಂದು ಕೊಟ್ಟರು. ತಂದೆ. ಮೆಕ್ಯಾನಿಕ್ ಮತ್ತೆ ಬಂದು ಗೋಣಿಚೀಲ ಹಾಸಿ ನೋಡಿದರು. ನಾಲ್ಕು ಬೆರಳು ಸಾಲದೆ ಹೋಯಿತು. ಆಮೇಲೆ ಫೋನಿನಲ್ಲಿ ಹುಡುಕಿ ಇನ್ನೊಂದು ತರಿಸಿದೆ. ಅದು ಬರಲು ಎಂಟು ದಿನ ಹಿಡಿಯಿತು. ಅದು ಮೊಳದುದ್ದ ಜಾಸ್ತಿ, ತುದಿಯ ಗುಂಡೂ ಬೇರೆ ಆಕಾರದ್ದು.

ಈ ನಡುವೆ ಚಪ್ಪರ ಎದ್ದಿತು. ಮಾವಿನ ತೋರಣ ಕಟ್ಟಿದರು, ಬಾಳೆಕಂಬ ನಿಲ್ಲಿಸಿದರು. ಓನರ್ ಹೆಂಡತಿ ಬೆಳಿಗ್ಗೆ ಬೆಳಿಗ್ಗೆ ಬಂದು ನನಗೂ ಅರಿಸಿನ ಅಕ್ಷತೆಯ ಕರೆಯೋಲೆ ಕೊಟ್ಟು, ಬರಲೇಬೇಕು ಎಂದು ಹೇಳಿ ಹೋದರು. ಬನಶಂಕರಿಯ ಛತ್ರದಲ್ಲಿ ಎರಡನೆಯ ಪಂಕ್ತಿಯಲ್ಲಿ ಕೂತು ಊಟ ಮಾಡಿದೆ. ಎಲೆಯ ಮೇಲೆ ಏನೇನು ಬಡಿಸಿದರು ಎಂದು ನೆನಪಿಲ್ಲ. ಬಡಿಸಿದ್ದನ್ನೆಲ್ಲ ತಿಂದೆ ಎಂದು ಮಾತ್ರ ನೆನಪಿದೆ. ಆಗ ನನಗೆ ಹಸಿವೂ ಇರಲಿಲ್ಲ, ಬೇಡ ಎನ್ನುವುದೂ ಇರಲಿಲ್ಲ. ಕೈ ತೊಳೆಯುವ ಕಡೆ ಓನರ್ರು ರೇಷ್ಮೆ ಪಂಚೆಯಲ್ಲಿ, ನೂರು ಗಡಿಬಿಡಿಯ ನಡುವೆ ನಿಂತು, ಕೇಬಲ್ ಸಿಕ್ತಾ ಸಾರ್ ಎಂದು ಕೇಳಿದರು. ಮಗಳ ಧಾರೆಯಾಗಿ ಒಂದು ಗಂಟೆಯೂ ಆಗಿರಲಿಲ್ಲ.

ಉದ್ದದ ಕೇಬಲ್ಲನ್ನು ವಾಪಸು ಸುತ್ತಿಕೊಡುತ್ತ ಮೆಕ್ಯಾನಿಕ್, ಮೇಡಂಗೆ ಫೋನ್ ಮಾಡಿದಿರಾ ಎಂದು ಮೂರನೆಯ ಸಲ ಕೇಳಿದರು. ಮಾಡಿದೆ, ತೆಗೆಯುತ್ತಿಲ್ಲ ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಅವರಿಗೆ ಏನೋ ಹೊಳೆಯಿತು ಎಂದು ನನಗೆ ಗೊತ್ತಾಯಿತು. ಮೂರು ವರ್ಷದಿಂದ ಹೆಂಗಸು ಗ್ಯಾರೇಜಿಗೆ ಬಂದಿಲ್ಲ; ಈಗ ಅಕ್ಕನ ಮನೆಯಲ್ಲಿದ್ದಾಳೆ; ಗಂಡನ ಫೋನು ತೆಗೆಯುತ್ತಿಲ್ಲ.

"ಮನೆ ಅಂದ್ಮೇಲೆ ಇರುತ್ತೆ ಸಾರ್" ಎಂದರು, ಕೈ ಒರೆಸಿಕೊಳ್ಳುತ್ತ. "ನಮ್ಮನೇಲೂ ಆಗಿತ್ತು. ಆರು ತಿಂಗಳು. ಯಾರು ಸರಿ ಯಾರು ತಪ್ಪು ಅಂತ ನೋಡ್ಬೇಡಿ. ನೀವೇ ಹೋಗಿ ಕರ್ಕೊಂಡು ಬನ್ನಿ."

ನಾನು ತಲೆಯಾಡಿಸಿದೆ. ಆ ಕ್ಷಣದಲ್ಲಿ ಹೇಳಿಬಿಡಬಹುದಿತ್ತು. ಆದರೆ ಅವರು ಕೊಟ್ಟ ಆ ಸಲಹೆ ಎಷ್ಟು ಸರಳವಾಗಿತ್ತೆಂದರೆ, ಮೈಸೂರಿನ ರೈಲು ಎಷ್ಟು ಗಂಟೆಗೆ ಎಂದು ಒಂದು ಕ್ಷಣ ನಿಜವಾಗಿಯೂ ಲೆಕ್ಕ ಹಾಕಿದೆ. ನಂತರ ಅವರೇ ನೆನಪು ಮಾಡಿಕೊಂಡು, ಮೇಡಂ ಒಂದು ಸಲ ವಿಲ್ಸನ್ ಗಾರ್ಡನ್ ಕಡೆ ಎಂದಿದ್ದರು, ಇಲ್ಲ, ಸಿದ್ದಾಪುರವೇನೋ, ಒಬ್ಬರು ವಯಸ್ಸಾದವರು ಆಟೋಗಳಿಗೆಲ್ಲ ಕೈಯಲ್ಲೇ ಕೇಬಲ್ ಕಟ್ಟಿಕೊಡುತ್ತಾರಂತೆ ಎಂದರು.

ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಅಶೋಕ ಪಿಲ್ಲರಿನ ಹತ್ತಿರ ಇಳಿದು ನಡೆಯಲು ಶುರು ಮಾಡಿದೆ. ವಿಲ್ಸನ್ ಗಾರ್ಡನ್ನಿನಲ್ಲಿ ಕೇಳಿದರೆ ಸಿದ್ದಾಪುರಕ್ಕೆ ಹೋಗಿ ಎಂದರು. ಸಿದ್ದಾಪುರದಲ್ಲಿ ಕೇಳಿದರೆ ವಿಲ್ಸನ್ ಗಾರ್ಡನ್ನಿಗೆ ಹೋಗಿ ಎಂದರು. ಬಿಸಿಲು ಜೋರಾಗಿತ್ತಂತೆ. ಸಂಜೆ ಕನ್ನಡಿಯಲ್ಲಿ ಕತ್ತು ಕೆಂಪಾಗಿದ್ದು ನೋಡಿ ನನಗದು ತಿಳಿದದ್ದು. ಗಿಡ ಮಾರುವ ನರ್ಸರಿಗಳ ಸಾಲು ದಾಟಿ, ಆಟೋ ನಿಲ್ಲುವ ಒಂದು ತಿರುವಿನಲ್ಲಿ ಕೇಬಲ್ ತೆಗೆದು ತೋರಿಸಿದಾಗ, ಒಬ್ಬ ಡ್ರೈವರ್ ಏನೂ ಮಾತಾಡದೆ ತನ್ನ ಆಟೋದಲ್ಲಿ ಕೂರಿಸಿಕೊಂಡು ಮೂರು ಗಲ್ಲಿ ಸುತ್ತಿ ಆ ಅಂಗಡಿಯ ಮುಂದೆ ಇಳಿಸಿದ.

ಅಂಗಡಿ ಒಂದು ಮಂಚ ಹಿಡಿಯುವಷ್ಟು ಅಗಲ. ಗೋಡೆಯ ಮೊಳೆಗಳಿಂದ ಕೇಬಲ್ಲುಗಳು ಗೊಂಚಲು ಗೊಂಚಲಾಗಿ ಇಳಿಬಿದ್ದಿದ್ದವು. ಒಳಗೆ ಎಪ್ಪತ್ತರ ಹತ್ತಿರದವರೊಬ್ಬರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು, ಕೂತಿದ್ದರು. ನಾನು ಕೊಟ್ಟ ಕೇಬಲ್ಲನ್ನು ತೆಗೆದುಕೊಂಡು, ಹರಿದ ತುದಿಯನ್ನು ನೋಡದೆ ಇನ್ನೊಂದು ತುದಿಯ ಹಿತ್ತಾಳೆಯ ಗುಂಡನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ಇದು ನಂದೇ ಕೆಲ್ಸ" ಎಂದರು. "ಕೆಂಪು ಕಾರಿನ ಮೇಡಂದು. ನೀವು ಅವರ ಯಜಮಾನ್ರಾ?"

ಹೌದು ಎಂದೆ. ಒಂದು ಗಂಟೆ ಹಿಡಿಯುತ್ತದೆ, ಕೂತ್ಕೊಳಿ ಎಂದು ಸ್ಟೂಲು ತೋರಿಸಿದರು. ಕೂತೆ. ಅವರು ಹಳೆಯದನ್ನು ಮೇಜಿನ ಮೇಲೆ ನೇರವಾಗಿ ಹಾಸಿ, ಹೊಸ ಹುರಿಯನ್ನು ಪಕ್ಕದಲ್ಲಿ ಇಟ್ಟು, ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಕೈ ಕೆಲಸ ಮಾಡುತ್ತಿದ್ದಂತೆ ಬಾಯಿ ಮಾತಾಡುತ್ತಿತ್ತು. ಮೇಡಂ ಎಲ್ಲಿ ಎಂದು ಅವರು ಕೇಳಲಿಲ್ಲ, ಆದ್ದರಿಂದ ನಾನು ಸುಳ್ಳು ಹೇಳಬೇಕಾಗಲಿಲ್ಲ. ಸುಮ್ಮನೆ ಕೇಳುತ್ತಿದ್ದೆ.

ಆ ಮೇಡಂ ತಮ್ಮನ್ನು ಬಹಳ ಆಡಿಸಿಬಿಟ್ಟರು ಎಂದು ನಗುತ್ತ ಹೇಳಿದರು. ಎಷ್ಟೋ ವರ್ಷಕ್ಕೊಂದು ಸಲ ಬಂದು ಒಂದು ಕೇಬಲ್ ಮಾಡಿಸಿಕೊಂಡು ಹೋಗುತ್ತಿದ್ದವರು, ಒಂದು ವರ್ಷ ಮಾತ್ರ ಮೂರು ತಿಂಗಳಲ್ಲಿ ಮೂರು ಸಲ ಬಂದರು. ಮೊದಲ ಸಲ, ಕ್ಲಚ್ ಗಟ್ಟಿಯಾಗಿದೆ, ತುಳಿಯಲು ಆಗುತ್ತಿಲ್ಲ, ಹೊಸದು ಮಾಡಿ ಎಂದರು. ಮಾಡಿಕೊಟ್ಟರು. ತಿಂಗಳೊಳಗೆ ಮೇಡಂ ಮತ್ತೆ ಬಂದರು, ಇನ್ನೂ ಗಟ್ಟಿಯಾಗೇ ಇದೆ ಎಂದು. ಈ ಸಲ ಒಳಗಡೆ ನುಣುಪಾದ ಪ್ಲಾಸ್ಟಿಕ್ ಕೊಳವೆ ಕೂಡಿಸಿ, ಗ್ರೀಸು ತುಂಬಿ ಕೊಟ್ಟರು. ಅಂಥ ಕೆಲಸ ತಾವು ಯಾರಿಗೂ ಮಾಡಿಕೊಡುವುದಿಲ್ಲ ಎಂದರು.

"ಆಮೇಲೂ ಬಂದ್ರು ನೋಡಿ. ನನಗೂ ಸ್ವಲ್ಪ ಬೇಜಾರಾಯ್ತು. ಬನ್ನಿ ಮೇಡಂ, ನಾನೇ ನೋಡ್ತೀನಿ ಅಂತ ಎದ್ದು ಹೋಗಿ ಕಾರಲ್ಲಿ ಕೂತು ತುಳಿದೆ. ಬೆಣ್ಣೆ ಥರ ಇಳೀತಿತ್ತು ಸಾರ್. ಚಿಕ್ಕ ಮಗು ಕೂಡ ತುಳೀಬಹುದಿತ್ತು. ಮೇಡಂ, ಕೇಬಲ್‌ದು ಏನೂ ತಪ್ಪಿಲ್ಲ ಅಂದೆ."

"ಅವಳೇನಂದಳು?"

"ಏನೂ ಅನ್ಲಿಲ್ಲ. ನೀವು ಕೂತಿದೀರಲ್ಲ, ಆ ಸ್ಟೂಲ್ ಮೇಲೆ ಸ್ವಲ್ಪ ಹೊತ್ತು ಕೂತಿದ್ರು. ನೀರು ಕೊಟ್ಟೆ, ಕುಡಿದ್ರು. ಆಮೇಲೆ, ಹಾಗಾದ್ರೆ ಸರಿ ಅಂದ್ರು. ಅಂದು, ಕಾರನ್ನ ಮೇನ್ ರೋಡಿನ ಕಡೆ ಸ್ವಲ್ಪ ತಿರುಗಿಸಿ ಕೊಡ್ತೀರಾ ಅಂತ ಕೇಳಿದ್ರು. ತಿರುಗಿಸಿ ಕೊಟ್ಟೆ."

ಅದು ಯಾವಾಗ ಎಂದು ಕೇಳಿದೆ. ಅವರು ಯೋಚಿಸಲೂ ಇಲ್ಲ. ಮೊಮ್ಮಗಳ ನಾಮಕರಣದ ಹಿಂದಿನ ದಿನ. ಅಂಗಡಿ ಬೇಗ ಮುಚ್ಚಿ ಹೋಗುವ ಹೊತ್ತಿಗೆ ಬಂದಿದ್ದರು. ಯುಗಾದಿಯಾಗಿ ಒಂದು ವಾರ. ಆ ಮಗುವಿಗೆ ಈಗ ಮೂರು ತುಂಬಿತು ಎಂದರು.

ನಾವು ನೋಡಿದ ಪ್ರತಿಯೊಬ್ಬ ಡಾಕ್ಟರೂ ಮೊದಲು ಕೇಳುತ್ತಿದ್ದ ಪ್ರಶ್ನೆ, ಯಾವಾಗಿನಿಂದ ಎಂಬುದು. ಪ್ರತಿ ಸಲವೂ ನಾನೇ ಉತ್ತರ ಕೊಡುತ್ತಿದ್ದೆ. ದಸರಾ ಆದ ಮೇಲೆ, ಮನೆಯ ಮೆಟ್ಟಿಲಿನ ಹತ್ತಿರ ಎಡಗಾಲು ಎಡವಿ ಬಿದ್ದಳು, ಅಲ್ಲಿಂದ ಶುರು. ಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು. ಅವಳು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಲವೂ ತಿದ್ದಲಿಲ್ಲ. ಯುಗಾದಿಗೂ ದಸರಾಕ್ಕೂ ನಡುವೆ ಆರು ತಿಂಗಳು. ಆ ಬೇಸಿಗೆಯಲ್ಲಿ ಅವಳು ಬ್ಯಾಂಕಿಗೆ ಆಟೋದಲ್ಲಿ ಹೋಗಲು ಶುರು ಮಾಡಿದ್ದಳು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಓಡಿಸಿ ಓಡಿಸಿ ಬೇಜಾರಾಗಿದೆ ಎಂದಿದ್ದಳು. ಕೊನೆಗೂ ಬುದ್ಧಿ ಬಂತು ಎಂದು ನಾನು ಹೇಳಿದ್ದೆ. ಈ ಮಾತನ್ನು ನಾನು ಹೇಳಿದ್ದು ಅಡುಗೆಮನೆಯ ಬಾಗಿಲಲ್ಲಿ, ಕಾಫಿ ಲೋಟ ಹಿಡಿದುಕೊಂಡು.

ಇದನ್ನೆಲ್ಲ ಆ ಸ್ಟೂಲಿನ ಮೇಲೆ ಕೂತು ಯೋಚಿಸಿದೆ. ಏನಾದರೂ ಅನ್ನಿಸಬೇಕಿತ್ತು. ಕೋಪವಾದರೂ ಬರಬೇಕಿತ್ತು, ಅವಳ ಮೇಲೆ, ಇಲ್ಲ ನನ್ನ ಮೇಲೆ. ಬೇಗ ಗೊತ್ತಾಗಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಮನಸ್ಸು ಕೇಳಬೇಕಿತ್ತು. ಕೇಳಲಿಲ್ಲ, ಆ ಕಾಯಿಲೆಗೆ ಬೇಗ, ತಡ ಎಂಬುದಿಲ್ಲ ಎಂದು ಡಾಕ್ಟರು ನನಗೆ ಆಗಲೇ ಬಿಡಿಸಿ ಹೇಳಿದ್ದರು. ಹಲ್ಲು ಕೀಳಿಸುವಾಗ ಇಂಜೆಕ್ಷನ್ ಕೊಟ್ಟ ಮೇಲೆ ಎಳೆಯುವುದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ, ಹಾಗಿತ್ತು. ಕೇಬಲ್ಲಿನವರು ಸಣ್ಣ ಒಲೆಯ ಮೇಲೆ ಸೀಸ ಕರಗಿಸುತ್ತಿದ್ದರು. ಅದರ ವಾಸನೆ ಬರುತ್ತಿತ್ತು. ಎದುರಿನ ಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದರು.

"ಈಗ ಲೈಟ್ ಆಯ್ತಂತಾ ಸಾರ್ ಕ್ಲಚ್ಚು?" ಎಂದು ಕೇಳಿದರು ಅವರು, ತಲೆ ಎತ್ತದೆ. "ಮತ್ತೆ ಬರ್ಲೇ ಇಲ್ಲ ಅವರು. ಸರಿ ಹೋಗಿರ್ಬೇಕು ಅಂದ್ಕೊಂಡೆ."

"ಅದು ಕ್ಲಚ್ಚಿಂದಲ್ಲ" ಎಂದೆ. "ಕಾಲಿಂದು. ನರದ ಕಾಯಿಲೆ ಇತ್ತು, ಆಗ ನಮಗೆ ಗೊತ್ತಿರಲಿಲ್ಲ. ಸಂಕ್ರಾಂತಿ ಆದಮೇಲೆ ತೀರಿಕೊಂಡಳು."

ಅವರ ಕೈ ನಿಂತಿತು. ಒಲೆಯನ್ನು ಆರಿಸಿದರು. ಕನ್ನಡಕ ತೆಗೆದರು, ದಾರದಲ್ಲಿ ಅದು ಎದೆಯ ಮೇಲೆ ನೇತಾಡಿತು. ಯಾರೋ ಬಂದು ಸ್ಕೂಟರಿನ ಬ್ರೇಕ್ ಕೇಬಲ್ ಕೇಳಿದರು, ಅವರು ಮಧ್ಯಾಹ್ನ ಬಾ ಎಂದು ಕಳಿಸಿದರು.

"ಹಾಗಾದ್ರೆ ನಾನೇ ಹೇಳ್ದಂಗಾಯ್ತಲ್ಲ ಸಾರ್ ಅವರಿಗೆ" ಎಂದರು ಕೊನೆಗೆ. "ಕೇಬಲ್‌ದು ತಪ್ಪಿಲ್ಲ ಅಂತ. ಬೇಜಾರಲ್ಲಿ ಹೇಳ್ಬಿಟ್ಟೆ. ಸ್ವಲ್ಪ ಜೋರಾಗೇ ಹೇಳ್ದೆ."

ನೀವು ಕೇಬಲ್ ವಿಷಯ ಹೇಳಿದಿರಿ, ಸರಿಯಾಗೇ ಹೇಳಿದಿರಿ ಎಂದೆ. ಆದರೆ ಅವರು ಹೇಳಿದ್ದು ನಿಜ ಎಂದು ನನಗೂ ಗೊತ್ತಿತ್ತು. ಕಲೆಯಿಲ್ಲದ ಬಿಳಿ ಕೋಟಿನ ಡಾಕ್ಟರು ಡಿಸೆಂಬರಿನಲ್ಲಿ ಹೆಸರಿಟ್ಟು ಹೇಳಿದ್ದನ್ನು ಅವಳು ಏಪ್ರಿಲ್ಲಿನಲ್ಲೇ ಈ ಸ್ಟೂಲಿನ ಮೇಲೆ ಕೂತು ಅರ್ಥ ಮಾಡಿಕೊಂಡಿದ್ದಳು. ಡಾಕ್ಟರು ಹೇಳಿದ ದಿನ ನಾನು ಅತ್ತಿದ್ದೆ, ಅವಳು ಅತ್ತಿರಲಿಲ್ಲ. ಎಷ್ಟು ಗಟ್ಟಿ ಹೆಂಗಸು ಎಂದು ಎಲ್ಲರ ಹತ್ತಿರವೂ ಹೇಳಿಕೊಂಡಿದ್ದೆ.

ಅವರು ಮತ್ತೆ ಒಲೆ ಹಚ್ಚಿ ಕೆಲಸ ಮುಗಿಸಿದರು. ಗುಂಡು ಕೂಡಿಸಿ ಆರಿದ ಮೇಲೆ ಒಂದು ತುದಿಯನ್ನು ಕಬ್ಬಿಣದ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಿಡಿದು ಮೈಭಾರವೆಲ್ಲ ಬಿಟ್ಟು ಎಳೆದು ನೋಡಿದರು. ಮತ್ತೊಮ್ಮೆ ಎಳೆದರು. ಒಳಗೆ ನುಣುಪಾದ ಕೊಳವೆ ಹಾಕಿದ್ದೇನೆ, ಆಗ ಹಾಕಿದ ಹಾಗೇ, ಎಂದಷ್ಟೇ ಹೇಳಿ ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು. ನಾನು ಗಲ್ಲಿಯ ತಿರುವಿನವರೆಗೆ ಬಂದು ತಿರುಗಿ ನೋಡಿದಾಗ ಅವರು ಅಂಗಡಿಯ ಹೊರಗೆ ನಿಂತಿದ್ದರು.

ಮೆಕ್ಯಾನಿಕ್ ಅದೇ ಸಂಜೆ ಬಂದರು. ಚಪ್ಪರ ಬಿಚ್ಚಿಯಾಗಿತ್ತು, ಬೀದಿಯಲ್ಲಿ ತೋರಣದ ಒಣ ಎಲೆಗಳು ಬಿದ್ದಿದ್ದವು. ಕೇಬಲ್ ಕಚ್ಚಿಕೊಂಡಿತು, ಒಂದು ನೂಲು ಹೆಚ್ಚಿಲ್ಲ ಕಡಿಮೆಯಿಲ್ಲ. ಕೂತು ತುಳಿಯಿರಿ ಸಾರ್ ಎಂದರು. ತುಳಿದೆ. ಪೆಡಲ್ಲು ಇಳಿಯಿತು, ಎದ್ದಿತು. ಅವರು ಪಕ್ಕದ ಸೀಟಿನಲ್ಲಿ ಕೂತರು. ನಾನು ಮೊದಲನೆ ಗೇರಿನಲ್ಲೇ ಬೀದಿಯ ಕೊನೆಯವರೆಗೆ ಹೋದೆ. ಎರಡು ಸಲ ಎಂಜಿನ್ ನಿಂತಿತು. ಪಾರ್ಕಿನ ಹತ್ತಿರ ತಿರುಗಿಸುವಾಗ ಅವರು, ಮೇಡಂ ಬಂದಮೇಲೆ ಒಂದು ಸಲ ಗ್ಯಾರೇಜಿಗೆ ಬರಲಿಕ್ಕೆ ಹೇಳಿ, ಬ್ರೇಕೂ ನೋಡಿಬಿಡೋಣ ಎಂದರು. ನಾನು ಕಾರು ನಿಲ್ಲಿಸಿದೆ. ಬೆಳಿಗ್ಗೆ ಒಂದು ಸಲ ಹೇಳಿದ್ದರಿಂದಲೋ ಏನೋ, ಬಾಯಿ ತಾನಾಗಿ ಹೇಳಿತು. ಅಕ್ಕನೂ ಇಲ್ಲ, ಮೈಸೂರೂ ಇಲ್ಲ, ಕಾಯಿಲೆಯಾಗಿ ತೀರಿಕೊಂಡಳು ಎಂದೆ.

ಅವರು ಬಾಗಿಲು ತೆಗೆದು ಇಳಿದರು. ಕಾರಿನ ಮುಂಭಾಗಕ್ಕೆ ಹೋಗಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ನನಗೆ ಬೆನ್ನು ತಿರುಗಿಸಿ ನಿಂತರು. ಪಾರ್ಕಿನಲ್ಲಿ ವಾಕಿಂಗಿನವರು ನಮ್ಮನ್ನು ನೋಡಿಕೊಂಡು ಹೋದರು. ತಿರುಗಿ ಬಂದಾಗ ಅವರ ಕಣ್ಣು ಕೆಂಪಾಗಿತ್ತು.

"ನನಗೆ ಹೇಳ್ಬೇಕಿತ್ತು ಸಾರ್" ಎಂದರು. "ಹದಿನಾರು ವರ್ಷ ಈ ಕಾರು ನೋಡ್ಕೊಂಡಿದೀನಿ. ಹಾಸ್ಪಿಟ್ಲಿಗೆ ಬಂದು ಒಂದ್ಸಲ ನೋಡ್ಕೊಂಡು ಹೋಗ್ತಿದ್ದೆ. ಅವತ್ತೂ ಬರ್ತಿದ್ದೆ."

ನಾವು ಸಂಬಂಧಿಕರಿಗೆ ಹೇಳಿದ್ದೆವು, ಬ್ಯಾಂಕಿನವರಿಗೆ ಹೇಳಿದ್ದೆವು, ನನ್ನ ಕಾಲೇಜಿನವರೆಲ್ಲ ಬಂದಿದ್ದರು. ಈ ಮನುಷ್ಯ ನನ್ನ ತಲೆಗೇ ಬಂದಿರಲಿಲ್ಲ. ಸಿದ್ದಾಪುರದ ಕೇಬಲ್ಲಿನವರು ಇದ್ದಾರೆಂದೇ ಗೊತ್ತಿರಲಿಲ್ಲ. ಕ್ಷಮಿಸಿ ಎಂದೆ. ಅವರು ತಲೆಯಾಡಿಸಿ, ನೀವು ಜರುಗಿ, ನಾನೇ ಒಳಗೆ ಹಾಕುತ್ತೇನೆ ಎಂದು ಕಾರನ್ನು ತಂದು ಅಂಗಳದಲ್ಲಿ ಅದರ ಜಾಗದಲ್ಲಿ ನಿಲ್ಲಿಸಿದರು. ಓನರ್ರು ಮಹಡಿಯಿಂದ ಬಗ್ಗಿ ನೋಡಿ ಸಂತೋಷಪಟ್ಟರು. ಆಮೇಲೆ ಮೆಕ್ಯಾನಿಕ್ ಪ್ರತಿ ಭಾನುವಾರ ಬಂದು ನನಗೆ ಆ ಕಾರು ಓಡಿಸುವುದನ್ನು ಹೇಳಿಕೊಟ್ಟರು. ಈಗ ಜಯನಗರದವರೆಗೆ ಒಬ್ಬನೇ ಹೋಗಿ ಬರುತ್ತೇನೆ. ಚೆನ್ನಾಗಿ ಓಡಿಸುತ್ತೇನೆ ಎಂದೇನಲ್ಲ.

ಆ ಸಂಜೆ ಅವರು ಹೋದ ಮೇಲೆ ಬೀರುವಿನಿಂದ ಅವಳ ಫೋನು ತೆಗೆದು ಚಾರ್ಜಿಗೆ ಹಾಕಿದೆ. ತೆರೆದುಕೊಂಡಾಗ ಹೆಸರುಗಳನ್ನು ಒಂದೊಂದಾಗಿ ನೋಡಿದೆ. ಅರ್ಧಕ್ಕರ್ಧ ನನಗೆ ಗೊತ್ತಿಲ್ಲದವರು. ಅವಳು ಹೆಸರಿನ ಬದಲು ಕೆಲಸ ಬರೆದಿಡುತ್ತಿದ್ದಳು: ಟೈಲರ್, ಪುಸ್ತಕ ಬೈಂಡಿಂಗ್, ಕೊಡೆ ರಿಪೇರಿ. ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಕುರ್ಚಿ ಹಾಕಿಕೊಂಡು ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಅವಳ ನಂಬರಿನಿಂದ ಕರೆ ಹೋದದ್ದರಿಂದ ಮೊದಲಿಬ್ಬರೂ, ಹೇಳಿ ಮೇಡಂ, ಎಷ್ಟು ದಿನವಾಯಿತು ಎನ್ನುತ್ತಲೇ ಎತ್ತಿದರು. ಎರಡನೆಯವರ ಹೊತ್ತಿಗೆ ನನಗೆ ತಪ್ಪು ತಿಳಿಯಿತು, ಆಮೇಲೆ ನನ್ನ ಫೋನಿನಿಂದ ಮಾಡಿದೆ. ಕೊಡೆ ರಿಪೇರಿಯವರು ಊರು ಬಿಟ್ಟು ಹೋಗಿದ್ದರು. ಟೈಲರಮ್ಮ ಜೋರಾಗಿ ಅತ್ತರು. ಅವರು ಅಳುವುದನ್ನು ಮುಗಿಸುವವರೆಗೆ ನಾನು ಫೋನು ಹಿಡಿದುಕೊಂಡಿದ್ದೆ.

ಕೊನೆಯದು 'ಹೂವು, ಫೋರ್ತ್ ಬ್ಲಾಕ್' ಎಂದಿತ್ತು. ಒಬ್ಬ ಹೆಂಗಸು ಎತ್ತಿದಳು. ಹಿಂದೆ ಮಾರ್ಕೆಟ್ಟಿನ ಗಲಾಟೆ ಕೇಳಿಸುತ್ತಿತ್ತು. ಕೆಂಪು ಕಾರಿನಲ್ಲಿ ಬರುತ್ತಿದ್ದವರ ಯಜಮಾನ ನಾನು ಎಂದು ಹೇಳಿ, ವಿಷಯ ತಿಳಿಸಿದೆ.

"ಅದಕ್ಕೇ ಬರ್ಲಿಲ್ವಾ ಅಣ್ಣ" ಎಂದಳು. "ಒಂದಿನ ಮೊಳ ಕಮ್ಮಿ ಹಾಕ್ಬಿಟ್ಟೆ ಅಂತ ಅಕ್ಕ ರೇಗಿದ್ರು. ಅದೇ ಕೋಪಕ್ಕೆ ಬೇರೆ ಕಡೆ ಹೋಗ್ತಿದಾರೆ ಅಂದ್ಕೊಂಡಿದ್ದೆ, ಇಷ್ಟು ದಿನ."

ಇಲ್ಲಮ್ಮ, ಕೋಪವೇನೂ ಇರಲಿಲ್ಲ ಎಂದೆ. ಅದು ನನಗೆ ಗೊತ್ತಿರುವ ವಿಷಯವಾಗಿರಲಿಲ್ಲ, ಆದರೂ ಹೇಳಿದೆ. ಅವಳು ತನ್ನ ಅಂಗಡಿ ಯಾವ ಕಡೆ, ಯಾವ ಗೇಟಿನಿಂದ ಬರಬೇಕು ಎಂದು ಹೇಳಿ, ಈ ಕಡೆ ಬಂದಾಗ ಬನ್ನಿ ಎಂದಳು. ಬರುತ್ತೇನೆ ಎಂದು ಫೋನಿಟ್ಟು, ಅನ್ನಕ್ಕೆ ಅಕ್ಕಿ ತೊಳೆಯಲು ಒಳಗೆ ಹೋದೆ.